ಪೂಜೆಯಾದ ಕೋವಿಯನ್ನು ತೆರೆ

ಫೆಬ್ರವರಿ ೩೦, ೨೧೬೮
ಚಿತ್ರವಾಡೆ, ಮೈಸೂರು

ಕೋವಿ ಮೇಷ್ಟ್ರು ಶಿವನಂಜಪ್ಪನವರಿಗೆ,

ತಾರೀಖು ನೋಡಿ ಕೈತಪ್ಪು ಎಂದುಕೊಳ್ಳಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನಗಳನ್ನು ವರ್ಷದ ಕೊನೆಗೆ ಹೊರದಿನಗಳೆಂದು ಒಟ್ಟು ಮಾಡಿಟ್ಟಿದ್ದೇವೆ, ಆಗ ಯಾರೂ ಕೆಲಸಕ್ಕೆ ಹೋಗುವುದಿಲ್ಲ. ನನ್ನ ಮಾತಿನಲ್ಲಿ ನೀವು ಕೇಳಿರದ ಪದಗಳು ಬರುತ್ತವೆ, ಕ್ಷಮಿಸಿ. ಬಂದಲ್ಲೇ ಅರ್ಥ ಹೇಳುತ್ತೇನೆ. ಇನ್ನೊಂದಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ. ನಮ್ಮ ಮನೆಯಲ್ಲಿ ಐದು ತಲೆಮಾರಿನಿಂದ ನಿಮ್ಮನ್ನು ಬಹುವಚನದಲ್ಲೇ ಕರೆದಿದ್ದಾರೆ. ಮೊನ್ನೆಯವರೆಗೆ ನಾನೂ ಹಾಗೆಯೇ ಕರೆದೆ. ಇನ್ನು ನನ್ನಿಂದಾಗದು. ನೀನು ಎಂದೇ ಬರೆಯುತ್ತೇನೆ.

ನಾನು ನಿನ್ನ ವಂಶದವಳು, ಹೆಸರು ಶಿವನಂಜಿ. ಪ್ರತಿ ತಲೆಮಾರಿನಲ್ಲೂ ಒಂದು ಮಗುವಿಗೆ ನಿನ್ನ ಹೆಸರಿಡುವುದು ನಮ್ಮ ಮನೆಯ ಪದ್ಧತಿ. ನೀನು ಸಿನಿಮಾದವರಿಗೆ ಕೋವಿ, ಪಿಸ್ತೂಲು ಒದಗಿಸಿ ಅವುಗಳ ಪಕ್ಕದಲ್ಲೇ ಕಾವಲು ನಿಲ್ಲುವವನು. ನಾನು ಮಾಡುವುದೂ ಅದೇ ಕೆಲಸ. ನಿನ್ನ ಕಾಲಕ್ಕೆ ಈ ಕಾಗದ ಮುಟ್ಟುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಮುಟ್ಟಿದರೆ ನೀನೀಗ ಕೆಲಸಕ್ಕೆ ಒಪ್ಪಿಕೊಂಡಿರುವ ಚಿತ್ರದ ಮುಹೂರ್ತಕ್ಕೆ ಮೂರು ದಿನ ಮೊದಲು ಮುಟ್ಟಲಿ. ಮೈಯೆಲ್ಲ ಸಿಟ್ಟು ಉರಿಯುತ್ತಿರುವಾಗ ವಿಳಾಸ ಸರಿಯಿದೆಯೇ ಎಂದು ನೋಡುತ್ತಾ ಕೂರಲು ನನಗೆ ಪುರಸೊತ್ತಿಲ್ಲ.

ಇಷ್ಟು ಕಾಲ ಕಳೆದರೂ ಇವರು ಇನ್ನೂ ನಿಜವಾದ ಕೋವಿಯನ್ನೇ ಹಿಡಿದು ಕುಣಿಯುತ್ತಿದ್ದಾರೆಯೇ ಎಂದು ನೀನು ಕೇಳಬಹುದು. ನಡುವೆ ಎಂಬತ್ತು ವರ್ಷ ಯಾರೂ ಹಿಡಿಯಲಿಲ್ಲ. ಆಗ ಸಿನಿಮಾ ಪೂರ್ತಿ ಯಂತ್ರದೊಳಗೇ ತಯಾರಾಗುತ್ತಿತ್ತು. ನಟರಿಲ್ಲ, ಬಿಸಿಲಿಲ್ಲ, ಬೆವರಿಲ್ಲ. ಕೊನೆಗೆ ಜನ ಅದಕ್ಕೆ ಬೇಸತ್ತು ಮೈಚಿತ್ರ ಶುರು ಮಾಡಿದರು. ಮೈಚಿತ್ರವೆಂದರೆ ನಿಜವಾದ ಮನುಷ್ಯರು ನಿಜವಾದ ಬೆಳಕಿನಲ್ಲಿ ಆಡುವ ಸಿನಿಮಾ. ಓಡುವವನು ಓಡಲೇಬೇಕು, ಮಣ್ಣು ಮಣ್ಣೇ ಆಗಿರಬೇಕು, ಗುಂಡಿಲ್ಲದ ತೋಟಾ ಆದರೂ ಕೋವಿ ಕೈಯಲ್ಲೇ ಸಿಡಿಯಬೇಕು. ನಮ್ಮ ಚಿತ್ರವಾಡೆಯಲ್ಲಿ, ಎಂದರೆ ಮೈಚಿತ್ರದವರ ಕೇರಿಯಲ್ಲಿ, ಬೆಳಿಗ್ಗೆ ಆರಕ್ಕೆ ಎಲ್ಲರೂ ರಾಗಿ ಗಂಜಿ ಕುಡಿದು, ಆಕಾಶ ನೋಡಿ, ಆವತ್ತಿನ ಬೆಳಕು ಎಷ್ಟು ಹೊತ್ತು ನಿಲ್ಲುತ್ತದೆಂದು ವಾದ ಮಾಡುತ್ತಾರೆ. ನಾಯಕನೂ ಬಿಸಿಲು ತಿರುಗಿಸುವ ಬೆಳಕಿನ ಹಲಗೆ ಹೊರುತ್ತಾನೆ. ಹೊರಲಾರೆನೆಂದು ಗೊಣಗುವ ನಾಯಕರೂ ಇದ್ದಾರೆ, ಅದು ನಿನ್ನ ಕಾಲದಿಂದ ಬದಲಾಗಿಲ್ಲ.

ಕೋವಿ ಇರುವ ಶಾಟಿಗೆ ಮುನ್ನ ನಮ್ಮಲ್ಲಿ ಹೇಮಪಾಳಿ ನಡೆಯುತ್ತದೆ. ನಾನು ಕೋವಿಯನ್ನು ಮಡಚಿ ತೆರೆದು ಬೆಳಕಿಗೆ ಹಿಡಿಯುತ್ತೇನೆ. ನಿರ್ದೇಶಕ, ನಾಯಕಿ, ಕ್ಯಾಮೆರಾದವರು, ಬಟ್ಟೆ ಹೊಲಿಯುವವರು, ಚಹಾ ಕೊಡುವವರು ಎಲ್ಲರೂ ಸಾಲಾಗಿ ಬಂದು ಒಂದೊಂದು ನಳಿಗೆಯಲ್ಲೂ ಕಣ್ಣಿಟ್ಟು, ಆಚೆ ಬದಿಯ ಬೆಳಕು ಕಂಡ ಮೇಲೆ 'ಕಂಡೆ' ಎಂದು ಹೇಳಿ ಅಂಗೈ ಗುರುತು ಒತ್ತುತ್ತಾರೆ. ಆಮೇಲೆ ಎಲ್ಲರ ಎದುರಿಗೇ ತೋಟಾ ತುಂಬುತ್ತೇನೆ. ಅನಾಹುತವಾದರೆ ಕಂಡೆ ಎಂದವರೆಲ್ಲರೂ ಕಟಕಟೆ ಹತ್ತಬೇಕು. ಹೊಣೆ ಹಂಚಿಹೋಗುವುದಿಲ್ಲ, ಒಬ್ಬೊಬ್ಬರ ಮೇಲೂ ಇಡಿಯಾಗಿ ಬೀಳುತ್ತದೆ. ಕಳೆದ ವಾರ ಚಹಾದ ಮುನಿಯಕ್ಕ ನಳಿಗೆಯಲ್ಲಿ ಕಣ್ಣಿಟ್ಟವಳು ಎಷ್ಟು ಹೊತ್ತಾದರೂ ತೆಗೆಯಲಿಲ್ಲ. ಬೆಳಕು ಹೋಗುತ್ತಿದೆಯೆಂದು ನಾಯಕ ಸಿಡಿಮಿಡಿಗೊಂಡ. ಅವಳು ತಲೆಯೆತ್ತದೆಯೇ, "ನನ್ ಕಣ್ಣು ಮಂದ ಕಣಪ್ಪ, ಅದ್ಕೇ ಇನ್ನೊಂದ್ ಗಳಿಗೆ ನೋಡ್ತೀನಿ," ಎಂದಳು. ಆವತ್ತಿನ ಶಾಟು ಮರುದಿನಕ್ಕೆ ಹೋಯಿತು. ಯಾರೂ ಅವಳನ್ನು ಬೈಯಲಿಲ್ಲ.

ಹೇಮಪಾಳಿಯ ಹೇಮ ಎಂದರೆ ಚಿನ್ನ ಎಂದು ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಅದು ಒಬ್ಬ ಹೆಂಗಸಿನ ಹೆಸರು. ನಿನಗೆ ಅವಳ ಪರಿಚಯವಿದೆ, ಈ ವಾರವೂ ಅವಳನ್ನು ದಿನಾ ನೋಡುತ್ತಿದ್ದೀಯೆ. ಹೇಮಶ್ರೀ, ಇಪ್ಪತ್ತೇಳು ವರ್ಷ, ನಿಮ್ಮ ಚಿತ್ರದಲ್ಲಿ ಕಂಟಿನ್ಯುಟಿ ನೋಡಿಕೊಳ್ಳುವವಳು. ಹಿಂದಿನ ಶಾಟಿನಲ್ಲಿ ಅಂಗಿಯ ಗುಂಡಿ ಹಾಕಿತ್ತೇ, ಲೋಟ ಎಡಗೈಯಲ್ಲಿತ್ತೇ ಎಂದು ಗುರುತಿಡುವುದೇ ಅವಳ ಕೆಲಸ.

ನಿನ್ನ ನೇಮ ಗಾಂಧಿನಗರಕ್ಕೆಲ್ಲ ಗೊತ್ತಿತ್ತಂತೆ. ಮುಹೂರ್ತದ ಶಾಟಿನ ಕೋವಿಗೆ ನೀನು ಮೊದಲು ಗುಂಡಿಲ್ಲದ ತೋಟಾ ತುಂಬಿ, ಆಮೇಲೆ ಪೂಜೆಗಿಡುತ್ತಿದ್ದೆ. ಅರಿಶಿನ ಕುಂಕುಮ ಬಿದ್ದ ಮೇಲೆ ಶಾಟು ಮುಗಿಯುವವರೆಗೆ ಅದನ್ನು ತೆರೆಯುವ ಹಾಗಿಲ್ಲ. ತೆರೆದರೆ ಪೂಜೆ ಕೆಡುತ್ತದೆ, ಚಿತ್ರಕ್ಕೆ ಒಳ್ಳೆಯದಾಗುವುದಿಲ್ಲ. ಮೂವತ್ತು ವರ್ಷ ಹಾಗೇ ನಡೆಯಿತು. ನಿನಗಿನ್ನೂ ಬಾರದ, ನಮಗೆ ಎಂದೋ ಕಳೆದುಹೋದ ಆ ಮುಹೂರ್ತದ ದಿನ ಜೋಡಿ ನಳಿಗೆಯ ಕೋವಿಯನ್ನು ಬಾಯಿ ಮೇಲಾಗಿ ಮಣೆಗೆ ಒರಗಿಸಿಟ್ಟಿದ್ದೆ. ನಿರ್ಮಾಪಕರ ಹೆಂಡತಿ ಭಕ್ತಿಯಿಂದಲೇ ಪೂಜೆಯ ತಟ್ಟೆಯಿಂದ ವೀಳ್ಯದೆಲೆ, ಅಡಿಕೆ ತೆಗೆದು ನಳಿಗೆಯ ಬಾಯಿಯ ಮೇಲೆ ಇಟ್ಟು, ಸೇವಂತಿಗೆಯ ದಂಟನ್ನು ಒಳಗೆ ತುರುಕಿದರು. ಚಿಕ್ಕದೊಂದು ಗೋಟಡಿಕೆ ಉರುಳಿ ಎಡ ನಳಿಗೆಗೆ ಇಳಿಯಿತು, ದಂಟು ಅದನ್ನು ಇನ್ನಷ್ಟು ಒಳಕ್ಕೆ ತಳ್ಳಿತು. ನೀನು ಹೂವನ್ನು ಕಣ್ಣಿಗೊತ್ತಿಕೊಂಡು ತೆಗೆದೆ, ಕೋವಿಯನ್ನು ನಾಯಕನ ಕೈಗೆ ಕೊಟ್ಟೆ. ಅವನು ಕ್ಯಾಮೆರಾದ ಕಡೆಗೆ ಗುರಿಯಿಟ್ಟು ಕೋವಿಯ ಕುದುರೆ ಎಳೆದ. ಎಂಟು ಅಡಿ ದೂರದಲ್ಲಿ, ಕ್ಯಾಮೆರಾದ ಪಕ್ಕ ಹೇಮಶ್ರೀ ನಿಂತಿದ್ದಳು. ತೋಟಾದ ಮದ್ದಿನ ರಭಸಕ್ಕೆ ಅಡಿಕೆ ಗುಂಡಿನಂತೆ ಹಾರಿ ಅವಳ ಗಂಟಲಿಗೆ ಹೊಕ್ಕಿತು. ಆಸ್ಪತ್ರೆಯ ದಾರಿಯಲ್ಲೇ ಜೀವ ಹೋಯಿತು.

ವಿಚಾರಣೆಯ ಕಡತವನ್ನು ಎಷ್ಟು ಸಲ ಓದಿದರೂ ನನ್ನ ಸಿಟ್ಟು ಇಳಿಯುವುದಿಲ್ಲ. ಕೊಟ್ಟದ್ದನ್ನು ಹಿಡಿದೆ, ನಾನು ನಟ, ಕೋವಿ ಬಿಚ್ಚಿ ನೋಡುವುದು ನನ್ನ ಕೆಲಸವಲ್ಲ ಎಂದು ನಾಯಕ ಹೇಳಿದ. ನನಗಿರುವುದು ಎರಡೇ ಕಣ್ಣು ಎಂದು ನಿರ್ದೇಶಕ ಹೇಳಿದ. ದೇವರ ಪೂಜೆಯನ್ನು ಅಪರಾಧ ಮಾಡಬೇಡಿ ಎಂದು ನಿರ್ಮಾಪಕ ಅತ್ತ. ಅಲ್ಲಿ ಅರವತ್ತು ಜನ ಇದ್ದರು. ಎಲ್ಲರೂ ಇನ್ನೊಬ್ಬರು ನೋಡಿರುತ್ತಾರೆ ಎಂದುಕೊಂಡಿದ್ದರು. ಚಿತ್ರ ಬಿಡುಗಡೆಯಾಯಿತು, ಮೊದಲಿಗೆ ಅವಳ ಫೋಟೊ ಹಾಕಿ ಎರಡು ದೀಪ ತೋರಿಸಿದರು, ಅಲ್ಲಿಗೆ ಕೈ ತೊಳೆದುಕೊಂಡರು. ಜೈಲಿಗೆ ಹೋದವನು ನೀನೊಬ್ಬನೇ, ಹನ್ನೊಂದು ತಿಂಗಳು. ಕಟಕಟೆಯಲ್ಲಿ ನೀನು ಹೇಳಿದ ಒಂದೇ ಮಾತನ್ನು ನಮ್ಮ ವಂಶ ಮಂತ್ರದ ಹಾಗೆ ಕಾಪಾಡಿಕೊಂಡು ಬಂದಿದೆ. ನಳಿಗೆಯೊಳಗೆ ಏನೋ ಇರಬಹುದೆಂದು ನನಗೆ ಯಾರೂ ಹೇಳಲಿಲ್ಲ ಎಂದೆ. ದೊಡ್ಡವರೆಲ್ಲ ಸೇರಿ ಬಡಪಾಯಿಯನ್ನು ಬಲಿ ಕೊಟ್ಟರು ಎಂದು ನನಗೆ ತೊಟ್ಟಿಲಲ್ಲೇ ಹೇಳಿಕೊಟ್ಟರು. ಅವರು ದೊಡ್ಡವರಾಗಿದ್ದದ್ದೂ ನಿಜ, ತಪ್ಪಿಸಿಕೊಂಡದ್ದೂ ನಿಜ.

ನಮ್ಮ ಕಾಲದಲ್ಲಿ ಮರುನ್ಯಾಯ ಎಂಬ ಕಟ್ಟೆಯಿದೆ. ಹಳೆಯ ತೀರ್ಪುಗಳನ್ನು ಅಲ್ಲಿ ಮತ್ತೆ ತೂಗುತ್ತಾರೆ. ನಿನ್ನನ್ನು ನಿರ್ದೋಷಿ ಎನ್ನಿಸಲು ನನ್ನ ಅಜ್ಜ ಅರ್ಜಿ ಹಾಕಿದರು, ಅವ್ವ ನಲವತ್ತು ವರ್ಷ ಅದರ ಹಿಂದೆ ಅಲೆದಳು. ನಾಳೆ ಕೊನೆಯ ವಿಚಾರಣೆ. ಸಾಕ್ಷಿ ಇನ್ನೇನಾದರೂ ಸಿಗಬಹುದೇ ಎಂದು ಮೊನ್ನೆ ದನಿಗೂಡಿಗೆ ಹೋದೆ. ಸತ್ತವರ ಹಳೆಯ ಫೋನುಗಳಿಂದ ದನಿ ತೆಗೆದು ಜೋಡಿಸಿಡುವ ಜಾಗ ಅದು. ಹೇಮಶ್ರೀಯ ಫೋನು ಅಲ್ಲಿತ್ತು, ವಿಚಾರಣೆಯ ಕಾಲದಲ್ಲಿ ಅದನ್ನು ಯಾರೂ ತೆರೆಸಿರಲಿಲ್ಲ. ಕಂಟಿನ್ಯುಟಿಗೆಂದು ಅವಳು ಆವತ್ತು ಬೆಳಿಗ್ಗೆ ಎಲ್ಲವನ್ನೂ ಚಿತ್ರಿಸಿಕೊಂಡಿದ್ದಳು. ಅದರಲ್ಲಿ ಅವಳ ದನಿಯಿದೆ.

"ಮೇಷ್ಟ್ರೇ, ತಟ್ಟೇಲಿ ಮೂರು ಅಡಿಕೆ ಇದ್ವು, ಈಗ ಎರಡೇ ಇವೆ. ಹೂವಿನ ಜೊತೆ ಒಳಗೇನಾದ್ರೂ ಹೋಯ್ತಾ? ಒಂದ್ಸಲ ಬಿಚ್ಚಿ ನೋಡಿ."

ಆಮೇಲೆ ನಿನ್ನ ದನಿ.

"ಪೂಜೆ ಆಗಿರೋ ಕೋವಿ ಕಣವ್ವ. ಶಾಟ್ ಆಗೋಗಂಟ ಬಿಚ್ಚಂಗಿಲ್ಲ. ನೀನು ನಿನ್ ಕೆಲ್ಸ ನೋಡ್ಕೋ."

ಅವಳು ತನ್ನ ಕೆಲಸವನ್ನೇ ನೋಡುತ್ತಿದ್ದಳು, ಮುದುಕ. ಆ ಅರವತ್ತು ಜನರಲ್ಲಿ ಕೆಲಸ ನೋಡುತ್ತಿದ್ದವಳು ಅವಳೊಬ್ಬಳೇ. ನೀನು ಬೈದದ್ದಕ್ಕೆ ಅವಳು ಸಣ್ಣದಾಗಿ ನಕ್ಕು, ಸರಿ ಮೇಷ್ಟ್ರೇ ಎಂದು ಕ್ಯಾಮೆರಾದ ಪಕ್ಕಕ್ಕೆ ಹೋದಳು. ಅದೂ ಕೇಳಿಸುತ್ತದೆ. ಅವಳು ಹೇಳಿದ್ದನ್ನು ನೀನು ಹನ್ನೊಂದು ತಿಂಗಳು ಜೈಲಿನಲ್ಲಿ ಕೂತು, ಆಮೇಲೆ ಹತ್ತೊಂಬತ್ತು ವರ್ಷ ಮನೆಯಲ್ಲಿ ಕೂತು, ಒಬ್ಬರಿಗೂ ಹೇಳಲಿಲ್ಲ. ಅವಳ ತಾಯಿ ನಮ್ಮ ಬಾಗಿಲಿಗೆ ಬಂದು, ಕೊನೆಗೆ ನನ್ನ ಮಗಳು ಏನಾದರೂ ಅಂದಳೇ ಎಂದು ಕೇಳಿದ್ದರಂತೆ. ಏನೂ ಅನ್ನಲಿಲ್ಲ ಎಂದೆಯಂತೆ. ನಿನ್ನ ಸಜ್ಜನಿಕೆಗೆ ಸಾಕ್ಷಿಯೆಂದು ಈ ಕಥೆಯನ್ನು ನಮ್ಮ ಮನೆಯಲ್ಲಿ ಕಣ್ಣೊರೆಸಿಕೊಳ್ಳುತ್ತಾ ಹೇಳುತ್ತಾರೆ. ಇನ್ನು ನಾನದನ್ನು ಕೇಳಿಸಿಕೊಳ್ಳಲಾರೆ.

ನಿನ್ನ ನೇಮದ ಮೇಲೆ ನನಗೆ ಇಷ್ಟು ಸಿಟ್ಟಿಲ್ಲ. ತಿಳಿಯದೆ ಮಾಡಿದ್ದನ್ನು ಕ್ಷಮಿಸಬಹುದಿತ್ತೇನೋ. ಒಬ್ಬಳು ತಟ್ಟೆಯ ಅಡಿಕೆ ಎಣಿಸಿ ಬಂದು ಹೇಳಿದ ಮೇಲೆ ಅದು ತಿಳಿಯದ ತಪ್ಪಾಗಿ ಉಳಿಯಲಿಲ್ಲ.

ಆ ದನಿಯ ಮುದ್ರಿಕೆಯನ್ನು ಅವ್ವನಿಗೆ ಕೇಳಿಸಿದೆ. ಅವಳು ಸೆರಗಿನ ಅಂಚು ತಿರುವಿದಳು. ಅಳಿಸಿಬಿಡು ಎಂದಳು. ಆಗುವುದಿಲ್ಲ ಎಂದೆ. "ಸತ್ತೋರಿಬ್ರೂ ಸತ್ತವ್ರೆ ಕಣೆ, ಬದುಕಿರೋಳು ನಾನು," ಎಂದಳು. ಎಪ್ಪತ್ತೆಂಟು ವರ್ಷದ ಹೆಂಗಸು ಬದುಕಿನ ಅರ್ಧವನ್ನು ನಿನ್ನ ಒಂದು ಸುಳ್ಳಿಗೆ ಸವೆಸಿದ್ದಾಳೆ, ಅದಕ್ಕೂ ನೀನೇ ಹೊಣೆ. ನಾಳೆ ನಾನು ಆ ದನಿಯನ್ನು ಕಟ್ಟೆಯ ಮುಂದಿಡುತ್ತೇನೆ. ನಿನ್ನ ಹೆಸರು ತೊಳೆದುಹೋಗುವುದಿಲ್ಲ. ನಾಯಕ, ನಿರ್ದೇಶಕ, ನಿರ್ಮಾಪಕರ ಹೆಸರುಗಳನ್ನೂ ನಿನ್ನ ಪಕ್ಕದಲ್ಲೇ ಬರೆಯಿರಿ ಎಂದು ಕೇಳುತ್ತೇನೆ. ಅವ್ವ ನನ್ನ ಜೊತೆ ಬರುವುದಿಲ್ಲ ಎಂದಿದ್ದಾಳೆ.

ನಿನಗಿನ್ನೂ ಮೂರು ದಿನವಿದೆ. ಮುಹೂರ್ತ ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ. ಒಂಬತ್ತೂವರೆಯ ಹೊತ್ತಿಗೆ ಒಬ್ಬ ಹೆಂಗಸು ಕೈಯಲ್ಲಿ ಫೋನು ಹಿಡಿದು ನಿನ್ನ ಬಳಿ ಬಂದು, ತಟ್ಟೆಯಲ್ಲಿ ಮೂರು ಅಡಿಕೆ ಇದ್ದವು ಎನ್ನುತ್ತಾಳೆ. ಆಗ ಕೋವಿಯನ್ನು ತೆರೆ. ಪೂಜೆ ಕೆಡಲಿ, ನಿರ್ಮಾಪಕ ಕಿರುಚಲಿ, ಮುಹೂರ್ತ ಮೀರಲಿ, ಚಿತ್ರ ಮಣ್ಣುಪಾಲಾಗಲಿ. ತೆರೆದು ಅವಳ ಕೈಗೇ ಕೊಡು, ನಳಿಗೆಯಲ್ಲಿ ಅವಳೇ ಕಣ್ಣಿಟ್ಟು ನೋಡಲಿ.

ನೀನು ಹಾಗೆ ಮಾಡಿದರೆ ಹೇಮಪಾಳಿ ಹುಟ್ಟುವುದಿಲ್ಲ, ನನ್ನ ಕೆಲಸ ಇರುವುದಿಲ್ಲ, ಈ ಕಾಗದವೂ ಇರುವುದಿಲ್ಲ. ನಿನ್ನ ಹೆಸರನ್ನು ನನಗೆ ಇಡಬೇಕೆಂದು ಯಾರಿಗೂ ತೋಚುವುದಿಲ್ಲ. ಇವೆಲ್ಲ ಹೋಗಲಿ, ನನಗೆ ಬೇಡ. ಅಡಿಕೆ ನೆಲಕ್ಕೆ ಬೀಳುತ್ತದೆ, ಹೇಮಶ್ರೀ ಅದನ್ನು ಎತ್ತಿ ತಟ್ಟೆಗೆ ಹಾಕಿ, ಮೂರು ಎಂದು ಬರೆದುಕೊಳ್ಳುತ್ತಾಳೆ.

ಶಿವನಂಜಿ