ಶಿರಸಿ ಸ್ಟೇಷನ್ನಿನಿಂದ ನಾಲ್ಕು ಹೆಜ್ಜೆ

ಶ್ರೀ ಗುರುಬಸವ ಪ್ರಸನ್ನ

ಶಿರಸಿ
ಫಾಲ್ಗುಣ ಮಾಸ, ರವಿವಾರ
ತಾ. ೧೧-೩-೧೯೬೨

ಬ್ಯಾಡಗಿಯ ಬೀಗತಿ ಸೌ. ಗುರುಶಾಂತವ್ವನವರಿಗೆ ಶಿರಸಿಯಿಂದ ಮುರಿಗೆವ್ವನ ಶರಣಾರ್ಥಿ. ಶಿವನು ಇಟ್ಟ ಹಾಗೆ ಇದ್ದೇವೆ, ಚೆನ್ನಾಗಿಯೇ ಇಟ್ಟಿದ್ದಾನೆ. ನಿಮ್ಮನ್ನೂ ಹಾಗೆಯೇ ಇಟ್ಟಿರಲಿ.

ಅಕ್ಷರ ಸೊಟ್ಟಗಿದ್ದರೆ ಮನ್ನಿಸಬೇಕು. ನಾನು ಬನವಾಸಿಯ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತವಳು. ನಮ್ಮ ಮನೆಯ ಕಾಗದಗಳನ್ನೆಲ್ಲ ಯಜಮಾನರೇ ಬರೆಯುತ್ತಾರೆ. ಇದನ್ನು ಅವರಿಲ್ಲದಾಗ ಬರೆಯುತ್ತಿದ್ದೇನೆ. ಅವರೂ ಮಗ ಬಸಲಿಂಗನೂ ರೈಲಿನ ಹಲಗೆ ಹೊತ್ತುಕೊಂಡು ಶಾಲೆಗೆ ಹೋಗಿದ್ದಾರೆ. ಆ ಹಲಗೆಯ ವಿಷಯವೇ ಹೇಳಬೇಕಾಗಿದೆ.

ಸುತ್ತು ಬಳಸುವುದಿಲ್ಲ. ಶಿರಸಿಗೆ ರೈಲು ಬರುವುದಿಲ್ಲ. ಈ ಬೇಸಿಗೆಗೂ ಇಲ್ಲ, ಬರುವ ಬೇಸಿಗೆಗೂ ಇಲ್ಲ. ಮಾಘದಲ್ಲಿ ನಮ್ಮ ಮನೆ ನೋಡಲು ಬಂದಾಗ ನಿಮ್ಮ ಮನೆಯವರು ಶಿವಲಿಂಗಪ್ಪನವರು ಕಂಡದ್ದು ಆಟದ ರೈಲು.

ಇದನ್ನು ಕೇಳಿ ನಿಮ್ಮ ಎದೆ ಧಸಕ್ಕೆಂದಿರಬೇಕು. ಹೇಗಾಯಿತೆಂದು ಮೊದಲಿನಿಂದ ಹೇಳುತ್ತೇನೆ.

ಎರಡು ವರ್ಷದ ಕೆಳಗೆ ಇಲ್ಲಿ ಒಂದು ಸಂಘವಾಯಿತು. ರೈಲಿನಲ್ಲಿ ಗಾರ್ಡಾಗಿದ್ದು ಪೆನ್ಶನ್ ಪಡೆದು ಊರಿಗೆ ಬಂದ ಚನ್ನಯ್ಯನವರು, ಸಿದ್ದಾಪುರದ ಡ್ರಾಯಿಂಗ್ ಮಾಸ್ತರ ವಿಘ್ನೇಶ್ವರ ಹೆಗಡೆಯವರು, ನಮ್ಮ ಯಜಮಾನರು, ಹೀಗೆ ಎಂಟು ಜನ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ರೈಲು ಇಲ್ಲವಲ್ಲ, ಇದ್ದರೆ ಹೇಗಿರುತ್ತಿತ್ತು ಎಂದು ಮಾಡಿ ನೋಡುವ ಸಂಘ. ಒಬ್ಬೊಬ್ಬರೂ ತಮ್ಮ ಮನೆಯಲ್ಲಿ ನಾಲ್ಕು ಫೂಟಿನ ಹಲಗೆಯ ಮೇಲೆ ತಗಡಿನ ಹಳಿ ಕೂರಿಸಿ, ಸುತ್ತ ತಮ್ಮ ಊರು ಮಾಡಬೇಕು. ತಿಂಗಳಿಗೊಂದೆರಡು ರವಿವಾರ ಎಲ್ಲರೂ ಹಲಗೆ ತಂದು, ಶಾಲೆಯ ಕೋಣೆಯಲ್ಲಿ ಬೆಂಚುಗಳ ಮೇಲಿಟ್ಟು, ತುದಿಗೆ ತುದಿ ಹಚ್ಚಿ ಚಿಲಕ ಹಾಕುತ್ತಾರೆ. ಸಿದ್ದಾಪುರದ್ದು ಬಸ್ಸಿನ ತಲೆಯ ಮೇಲೆ ಬರುತ್ತದೆ. ಕೀಲಿ ಕೊಟ್ಟು ಬಿಟ್ಟರೆ ಎಂಜಿನ್ನು ಹಾವೇರಿಯ ಹಲಗೆಯಿಂದ ಹೊರಟು ಶಿರಸಿ ದಾಟಿ ಸಿದ್ದಾಪುರದವರೆಗೆ ಓಡುತ್ತದೆ.

ಹಲಗೆಯ ನಡುವೆ ಯಾರು ಏನು ಬೇಕಾದರೂ ಮಾಡಿಕೊಳ್ಳಬಹುದು. ಗುಡ್ಡ, ಗುಡಿ, ಕೆರೆ, ಯಾರೂ ಕೇಳುವುದಿಲ್ಲ. ಎರಡು ತುದಿ ಮಾತ್ರ ಎಲ್ಲರದೂ ಒಂದೇ ಅಳತೆ. ಹಳಿಯಿಂದ ಹಳಿಗೆ ಒಂದೂಕಾಲು ಇಂಚು, ಅಂಚಿನಿಂದ ಇಷ್ಟು ದೂರ, ನೆಲದಿಂದ ಇಷ್ಟು ಎತ್ತರ. ಅದಕ್ಕೊಂದು ತಗಡಿನ ಅಚ್ಚು ಮಾಡಿ ಎಲ್ಲರಿಗೂ ಕೊಟ್ಟಿದ್ದಾರೆ.

ಮೊದಮೊದಲು ನನಗೆ ಇದು ಸೇರಲಿಲ್ಲ. ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ತಾವೇ ಆಡುತ್ತಾರೆ ಎಂದು ಅಂದೂ ಬಿಟ್ಟಿದ್ದೆ. ಆದರೆ ಅವರ ಗುಡ್ಡಗಳು ನಿಲ್ಲಲಿಲ್ಲ. ಮಣ್ಣಿನವು ಭಾರವಾದವು, ಬಿರುಕು ಬಿಟ್ಟವು. ಬುಟ್ಟಿಗೆ ಬಳಿಯಲು ನಾವು ಹೆಂಗಸರು ರದ್ದಿ ಕಾಗದ ನೆನೆಸಿ ಮೆಂತೆ ಹಾಕಿ ರುಬ್ಬುವುದಿಲ್ಲವೇ, ಹಾಗೆ ಮಾಡಿರೆಂದೆ. ಮಾಡಿಯೂ ಕೊಟ್ಟೆ. ಈಗ ಹಾವೇರಿಯಿಂದ ಸಿದ್ದಾಪುರದವರೆಗೆ ಗುಡ್ಡಗಳೆಲ್ಲ ನನ್ನವೇ. ಕೋಣೆಯ ಬಾಗಿಲು ತೆರೆದರೆ ಮೆಂತೆಯ ವಾಸನೆ. "ಮುರಿಗೆವ್ವಾರ, ಮೂವತ್ತ ವರ್ಷ ಗಾಡಿ ಮ್ಯಾಲಿದ್ದೆ. ಬಾಣಂತಿ ಕ್ವಾಣಿ ವಾಸನಿ ಬರೂ ಘಟ್ಟ ಮಾತ್ರ ಎಲ್ಲೂ ನೋಡಿದ್ದಿಲ್ಲ ನೋಡ್ರಿ" ಎಂದು ಚನ್ನಯ್ಯನವರು ನಗುತ್ತಾರೆ. ಒಮ್ಮೆ ನನ್ನ ಗುಡ್ಡ ಒಣಗುವಾಗ ಹಲಗೆಯನ್ನು ಎಳೆದು, ತುದಿ ಭತ್ತದ ಕಾಳಿನಷ್ಟು ಎದ್ದಿತು. ಎಂಜಿನ್ನು ಅಲ್ಲಿಗೆ ಬಂದು ಮುಗ್ಗರಿಸಿ ಬಿತ್ತು. ಯಜಮಾನರು ಅರ್ಧ ದಿನ ಕೂತು ಅದನ್ನು ಹೆರೆದರು.

ಶಿರಸಿಯ ಹಲಗೆ ನಮ್ಮದು. ಅದರ ಮೇಲೆ ಸ್ಟೇಷನ್ನು ಇದೆ. ಹಳದಿ ಬೋರ್ಡಿನ ಮೇಲೆ ಕಪ್ಪು ಅಕ್ಷರದಲ್ಲಿ ಊರ ಹೆಸರು ಬರೆಸಿದ್ದಾರೆ, ನಿಮ್ಮ ಬ್ಯಾಡಗಿಯಲ್ಲಿ ಇರುವ ಹಾಗೆಯೇ.

ಬೀಗರು ಬಂದದ್ದು ಹಲಗೆ ಕೂಡಿಸುವ ರವಿವಾರ. ಊಟಕ್ಕೆ ಇನ್ನೂ ಹೊತ್ತಿತ್ತು. ಯಜಮಾನರು ಹುರುಪಿನಿಂದ ಅವರನ್ನು ಶಾಲೆಗೆ ಕರೆದೊಯ್ದರು. ಅಡಿಗೆ ಮುಗಿಸಿದ್ದ ನಾನೂ ಹಿಂದೆ ಹೋದೆ. ಬೀಗರು ಒಳಗೆ ಬಂದವರು ಆ ಹಳದಿ ಬೋರ್ಡಿನ ಮುಂದೆ ನಿಂತುಬಿಟ್ಟರು. ಪಂಚವಾರ್ಷಿಕ ಯೋಜನೆಯ ಪ್ರದರ್ಶನದಲ್ಲಿ ಅಣೆಕಟ್ಟಿನ ಮಾದರಿಯನ್ನು ಹೀಗೆಯೇ ಹಲಗೆಯ ಮೇಲೆ ಮಾಡಿ ಇಟ್ಟದ್ದನ್ನು ನೋಡಿದ್ದರಂತೆ. ಇದೂ ಸರಕಾರದ ನಕ್ಷೆ ಎಂದುಕೊಂಡರು. ಅದಕ್ಕೆ ಸರಿಯಾಗಿ ಚನ್ನಯ್ಯನವರು ಹಿತ್ತಾಳೆ ಗುಂಡಿಯ ಹಳೆಯ ಗಾರ್ಡಿನ ಕೋಟು ಹಾಕಿಕೊಂಡು, ಹಸಿರು ನಿಶಾನೆ ಹಿಡಿದು ನಿಂತಿದ್ದರು. ಬೀಗರು ಅವರಿಗೆ ರೈಲ್ವೆ ಸಾಹೇಬರೆಂದು ಕೈ ಮುಗಿದರು.

"ಕೆಲಸಾ ಎಲ್ಲೀತನಕಾ ಬಂತ್ರಿ?" ಎಂದು ಕೇಳಿದರು.

"ಯಲ್ಲಾಪುರದ ಸೇತುವೆ ಒಂದು ಕೂರ್ತಾ ಇಲ್ಲೆ ಮಾರಾಯ್ರೆ. ಅದು ಕೂತ್ರೆ ಮುಗೀತು, ಬೇಸಿಗೆ ಒಳಗೆ ಅಲ್ಲೀವರೆಗೂ ಗಾಡಿ ಬಿಡದೇಯ" ಎಂದರು ವಿಘ್ನೇಶ್ವರ ಮಾಸ್ತರರು. ಅವರು ಹೇಳಿದ್ದು ಮಾಗೋಡಿನ ಬಡಗಿ, ಕೆರಿಯ ಎಂಬವನು, ಮಾಡುತ್ತಿರುವ ಯಲ್ಲಾಪುರದ ಹಲಗೆಯ ಮಾತು. ಅವನು ಜಲಪಾತಕ್ಕೆಂದು ಹತ್ತಿಯ ಎಳೆ ಇಳಿಬಿಟ್ಟಿದ್ದಾನೆ. ಅದು ಸೇತುವೆಗೆ ತೊಡಕಿಕೊಳ್ಳುತ್ತದೆ.

"ಸರಕಾರದಾವ್ರು ಇಷ್ಟ ಲಗೂ ಮಾಡ್ಯಾರಂದ್ರ ನಂಬಾಕ ಆಗವಲ್ತರೀ."

"ಸರ್ಕಾರ ಎಂತ ಮಾಡ್ತು? ಒಂದು ಮೊಳೆನೂ ಕೊಟ್ಟಿದ್ದಿಲ್ಲೆ. ಎಲ್ಲಾ ನಮ್ಮ ಕೈಯಿಂದ್ಲೇ, ರಜೆ ದಿನ ಕೂತ್ಕಂಡು."

"ಶ್ರಮದಾನ!" ಎಂದು ಬೀಗರು ನಮ್ಮ ಯಜಮಾನರ ಎರಡೂ ಕೈ ಹಿಡಿದುಕೊಂಡರು. "ಭಾರೀ ಊರ್ರಿ ನಿಮ್ಮದು!"

ಯಜಮಾನರು ತಮ್ಮ ಹಲಗೆಯನ್ನೇ ಹೊಗಳಿದರೆಂದು ಹಿಗ್ಗಿ, ಇನ್ನೊಂದು ಸಲ ಕೀಲಿ ಕೊಟ್ಟು ಗಾಡಿ ಬಿಟ್ಟರು. ಅಲ್ಲಿಯವರೆಗೆ ಯಾರದೂ ತಪ್ಪಿಲ್ಲ, ಗುರುಶಾಂತವ್ವ. ಒಬ್ಬರು ಒಂದು ಹೇಳಿದರು, ಇನ್ನೊಬ್ಬರು ಇನ್ನೊಂದು ತಿಳಿದರು.

ಮನೆಗೆ ಬಂದು ಊಟಕ್ಕೆ ಕುಳಿತಾಗ ಬೀಗರು, "ಗಾಡಿ ಬರೂದಾತಂದ್ರ ನಂದೇನೂ ತಕರಾರಿಲ್ರೀ. ಹುಡುಗಿ ಇನ್ನ ನಿಮ್ಮಾಕಿ" ಎಂದರು. ಯಜಮಾನರು ಇನ್ನೂ ಬಚ್ಚಲಲ್ಲಿ ಕಾಲು ತೊಳೆಯುತ್ತಿದ್ದರು. ಬಸಲಿಂಗ ನೀರು ತರಲು ಎದ್ದಿದ್ದ. ಅಲ್ಲಿ ಇದ್ದವಳು ನಾನೊಬ್ಬಳೇ. ತುಪ್ಪ ಬಡಿಸುತ್ತಿದ್ದೆ. ಅವರು ಏನು ತಿಳಿದಿದ್ದಾರೆಂಬುದು ನನಗೆ ಆಗ ಹೊಳೆಯಿತು.

ಇಲ್ಲಿ ಕಾಗದದ ಮೇಲೆ ಮಸಿ ಬಿದ್ದಂತೆ ಇದೆಯಲ್ಲ, ಅದು ಬಿದ್ದದ್ದಲ್ಲ. "ನಾನು ಸುಮ್ಮನಿದ್ದೆ" ಎಂದು ಬರೆದಿದ್ದೆ, ಹೊಡೆದು ಹಾಕಿದ್ದೇನೆ. ನಾನು ಸುಮ್ಮನಿರಲಿಲ್ಲ. ಬೀಗರು ತಲೆ ಎತ್ತಿ ನನ್ನನ್ನೇ ಕೇಳಿದರು, "ಖರೇನಲ್ರೀ ಅಕ್ಕಾರ? ಬೇಸಿಗಿಗೆ ಬರತೈತಲ್ಲ ಗಾಡಿ?"

"ಬರತೈತ್ರಿ. ಶಿವಾ ನಡಸ್ತಾನ" ಎಂದೆ.

ಶಿವನ ಹೆಸರನ್ನೂ ಸೇರಿಸಿ ಹೇಳಿದೆ. ಆಮೇಲೆ ಇನ್ನಷ್ಟು ತುಪ್ಪ ಬಡಿಸಿದೆ.

ಬಸಲಿಂಗನಿಗೆ ಇಪ್ಪತ್ತೊಂಬತ್ತು ತುಂಬಿತು. ನಿಮಗಿಂತ ಮೊದಲು ಮೂರು ಮನೆಯವರು ಹಿಂದೆ ಸರಿದಿದ್ದರು. ಶಿರಸಿ ಕಡೆ ಹೆಣ್ಣು ಕೊಟ್ಟರೆ ಜ್ವರಕ್ಕೆ ಕೊಟ್ಟ ಹಾಗೆ ಎಂದು ನಿಮ್ಮ ಬಯಲುಸೀಮೆಯವರ ಮಾತು. ಡಿಡಿಟಿ ಹೊಡೆದು ಮಲೇರಿಯಾ ಜ್ವರ ಹೋಗಿ ಎಷ್ಟೋ ವರ್ಷವಾಯಿತು, ಮಾತು ಹೋಗಲಿಲ್ಲ. ಇದನ್ನು ನೆವ ಎಂದು ಹೇಳುತ್ತಿಲ್ಲ, ಆದದ್ದನ್ನು ಹೇಳುತ್ತಿದ್ದೇನೆ. ಯಾಕೆಂದರೆ ಬೀಗರು ರೈಲು ಯಾಕೆ ಕೇಳುತ್ತಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನಾವು ಹುಡುಗಿ ನೋಡಲು ಬಂದ ದಿನ ನೀವೇ ನಿಮ್ಮ ಅ‍ಡಿಗೆಮನೆಯಲ್ಲಿ ಹೇಳಿದ್ದಿರಿ. ಹೊಳೆಯಾಚೆ ಕೊಟ್ಟ ನಿಮ್ಮ ಹಿರಿಯ ಮಗಳು ಹೆರಿಗೆಯಲ್ಲಿ ಸಂಕಟಪಡುವ ಸುದ್ದಿ ಬಂತು. ಹೊಳೆ ತುಂಬಿತ್ತು, ಬಸ್ಸು ನಿಂತಿತ್ತು. ಎರಡು ದಿನ ತಡವಾಗಿ ಮುಟ್ಟಿದಿರಿ, ಅಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಕಿರಿಯವಳನ್ನು ಹಳಿ ಇಲ್ಲದ ಊರಿಗೆ ಕೊಡುವುದಿಲ್ಲವೆಂದು ಬೀಗರು ಆಣೆ ಮಾಡಿದರು; ಆಮೇಲೆ ನಮ್ಮ ಮನೆ ನೋಡಲು ಬಂದದ್ದೂ ನಿಮ್ಮ ಒತ್ತಾಯಕ್ಕೆ. ಹೇಳುವಾಗ ನೀವು ರೊಟ್ಟಿ ಬಡಿಯುತ್ತಿದ್ದಿರಿ, ಕೈ ನಿಲ್ಲಿಸಲಿಲ್ಲ.

ಅಷ್ಟನ್ನು ತಿಳಿದೂ ಹೌದೆಂದೆ. ಬೇರೆ ಯಾವಳಾದರೂ ಹಾಗೆ ಮಾಡಿದ್ದರೆ ನಾನು ಅವಳ ಮನೆಯ ನೀರು ಕುಡಿಯುತ್ತಿರಲಿಲ್ಲ.

ಹೋದ ವಾರ ಬೀಗರ ಕಾರ್ಡು ಬಂತು. "ವೈಶಾಖದಲ್ಲಿ ಶಿರಸಿಯಲ್ಲಿ ಆಗುವ ಮದುವೆಗೆ ಅರವತ್ತು ಜನ ರೈಲಿನಲ್ಲಿಯೇ ಬರುತ್ತೇವೆ, ಮನೆ ಬಿಟ್ಟು ಹೊರಡದ ನಮ್ಮ ಅವ್ವನೂ ಗಾಡಿಯಾದರೆ ಬರುತ್ತಾಳಂತೆ, ಶಿರಸಿ ಸ್ಟೇಷನ್ನಿನಿಂದ ನಿಮ್ಮ ಮನೆ ಎಷ್ಟು ದೂರ?" ಎಂದು ಕೇಳಿದ್ದರು. ಯಜಮಾನರು ಓದಿ ಬಿದ್ದು ಬಿದ್ದು ನಕ್ಕರು. "ನೋಡಿದೇನ, ಬೀಗರು ಭಾರೀ ಚ್ಯಾಷ್ಟಿ ಮಂದಿ! ನಮ್ಮ ಹಲಗೀ ನೋಡಿ ಹೆಂಗ ನಗಚಾಟಗಿ ಮಾಡ್ಯಾರ!" ಎಂದು, ತಾವೂ ಹಾಗೆಯೇ ತಿರುಗಿ ಬರೆದರು. ಹಲಗೆ ಇರುವುದು ನಮ್ಮ ಪಡಸಾಲೆಯಲ್ಲಿ. "ಶಿರಸಿ ಸ್ಟೇಷನ್ನಿನಿಂದ ನಮ್ಮ ಮನೆಗೆ ನಾಲ್ಕೇ ಹೆಜ್ಜೆ, ಅಜ್ಜಿಯನ್ನು ಅವಶ್ಯ ಕರೆತರಬೇಕು" ಎಂದು ಕಾರ್ಡು ಹಾಕಿಸಿದರು. ಅದು ನಿಮಗೆ ಮುಟ್ಟಿರಬೇಕು. ಅವರ ಮನಸ್ಸಿನಲ್ಲಿ ಕಪಟವಿಲ್ಲ. ಅವರಿಗೂ ಗೊತ್ತಿಲ್ಲ, ಬಸಲಿಂಗನಿಗೂ ಗೊತ್ತಿಲ್ಲ. ಗೊತ್ತಿದ್ದವಳು ನಾನು, ಕಾರ್ಡು ಹೋಗುವುದನ್ನು ನೋಡುತ್ತ ನಿಂತೆ.

ಅಂದಿನಿಂದ ಪೂಜೆ ನಡೆಯುತ್ತಿಲ್ಲ. ಕೂಡುತ್ತೇನೆ, ವಿಭೂತಿ ಹಚ್ಚುತ್ತೇನೆ, ಲಿಂಗ ಅಂಗೈಯಲ್ಲಿ ಇರುತ್ತದೆ. ಕಣ್ಣಿಗೆ ಮಾತ್ರ ನಿಮ್ಮ ಅತ್ತೆ ಕಾಣುತ್ತಾರೆ. ಹಾವೇರಿಯಲ್ಲಿ ಇಳಿದು, ಕೋಲು ಊರಿಕೊಂಡು, ಶಿರಸಿಯ ಗಾಡಿ ಯಾವ ಬದಿಗೆ ನಿಲ್ಲುತ್ತದೆ ಎಂದು ಒಬ್ಬೊಬ್ಬರನ್ನೇ ಕೇಳುತ್ತಾರೆ. ಜನ ನಗುತ್ತಾರೆ.

ನಿನ್ನೆ ನಾನೇ ಬಸ್ ಸ್ಟ್ಯಾಂಡಿಗೆ ಹೋಗಿ ವಿಚಾರಿಸಿ ಬಂದೆ. ಹಾವೇರಿಗೆ ದಿನಕ್ಕೆ ಮೂರು ಬಸ್ಸು. ಕಡೆಯದು ಸಂಜೆ ನಾಲ್ಕೂವರೆಗೆ. ಎಲ್ಲ ನೆಟ್ಟಗಿದ್ದರೆ ನಾಲ್ಕು ತಾಸು, ನಡುವೆ ಕೆಟ್ಟರೆ ಲೆಕ್ಕವಿಲ್ಲ. ಜೋರು ಮಳೆಯಲ್ಲಿ ಒಂದೊಂದು ದಿನ ಬಿಡುವುದೇ ಇಲ್ಲ. ಅದನ್ನೂ ಮುಚ್ಚಿಡುವುದಿಲ್ಲ. ಚೊಚ್ಚಲ ಹೆರಿಗೆ ಹೇಗೂ ತವರಿನಲ್ಲಿ. ಆಮೇಲಿನವಕ್ಕೂ ಮಳೆ ಹಿಡಿಯುವ ಮೊದಲೇ ನಾನೇ ತಂದು ನಿಮ್ಮ ಮನೆಯಲ್ಲಿ ಬಿಡುತ್ತೇನೆ. ನನ್ನ ಕೈಯಲ್ಲಿ ಇರುವುದು ಇಷ್ಟೇ. ಇದಕ್ಕಿಂತ ಹೆಚ್ಚು ಹೇಳಿದರೆ ಮತ್ತೆ ಸುಳ್ಳಾಗುತ್ತದೆ.

ಇದನ್ನು ಬೀಗರಿಗೆ ಮುಟ್ಟಿಸುವ ಕೆಲಸ ನಿಮ್ಮ ಪಾಲಿಗೆ ಬಂತು. ಅವರು ಬೇಡವೆಂದರೆ ಬೇಡ. ನಿಶ್ಚಯದ ದಿನ ಉಡಿ ತುಂಬಿದ ಸೀರೆಯನ್ನು ಹುಡುಗಿ ಉಡಲಿ, ತಿರುಗಿ ಕಳಿಸಬೇಡಿ. ಸಂಬಂಧ ಯಾಕೆ ಮುರಿಯಿತೆಂದು ಯಾರು ಕೇಳಿದರೂ, ಮಾತು ಕೆಡಿಸಿದವಳು ಶಿರಸಿಯ ಮುರಿಗೆವ್ವ ಎಂದು ಹೇಳಿಬಿಡಿ. ನಾನೂ ಹಾಗೆಯೇ ಹೇಳುತ್ತೇನೆ. ಈ ಕಾಗದ ನಾಳೆ ಟಪಾಲಿಗೆ ಬಿದ್ದ ಮೇಲೆ ಮನೆಯವರಿಗೂ ಮಗನಿಗೂ ತಿಳಿಸುತ್ತೇನೆ. ಮೊದಲೇ ತಿಳಿಸಿದರೆ, ನಾವು ಬೇರೆ ರೀತಿಯಿಂದ ಬರೆಯೋಣ ಎನ್ನುತ್ತಾರೆ. ಬೇರೆ ರೀತಿ ನನಗೆ ಬೇಡ.

ನಿಮ್ಮೆದುರು ತಲೆ ತಗ್ಗಿಸಿದ,
ಮುರಿಗೆವ್ವ

ತಾ. ಕ.: ವಿನೋದಾ, ಇದು ನಿನಗೆ. ನಿಮ್ಮವ್ವನಿಗೆ ಓದು ಬರುವುದಿಲ್ಲ, ಬಂದ ಕಾಗದಗಳನ್ನು ಓದಿ ಹೇಳುವವಳು ನೀನು ಎಂದು ನಾನು ಬಲ್ಲೆ. ನಾವು ನಿನ್ನನ್ನು ನೋಡಲು ಬಂದ ದಿನ ನೀನು ನಿಮ್ಮ ಸೋದರಮಾವನ ಕಾಗದ ಓದುತ್ತಿದ್ದೆ. ಅಕ್ಕನ ಹೆಸರು ಬಂದಲ್ಲಿ ಎರಡು ಸಾಲು ಬಿಟ್ಟು, ದನ ಕರು ಹಾಕಿದ ಸುದ್ದಿಗೆ ಬಂದುಬಿಟ್ಟೆ. ಅವ್ವನಿಗೆ ತಿಳಿಯಲಿಲ್ಲ. ನಾನು ನಿನ್ನ ಬೆನ್ನ ಹಿಂದೆ ನಿಂತಿದ್ದೆ, ನಾಲ್ಕು ಅಕ್ಷರ ಬಲ್ಲವಳು. ಈ ಹುಡುಗಿ ನಮ್ಮ ಮನೆಗೆ ಬರಲೇಬೇಕು ಎಂದು ನನಗಾದದ್ದು ಆಗಲೇ. ನಿನ್ನ ಮನಸ್ಸಿನಲ್ಲಿ ಏನಿದೆಯೆಂದು ಯಾರೂ ಕೇಳಿಲ್ಲ, ನಾನೂ ಕೇಳಿರಲಿಲ್ಲ. ಹೌದೋ ಅಲ್ಲವೋ, ನೀನೇ ಒಂದು ಕಾರ್ಡು ಬರೆ. ಅದಕ್ಕೆ ಮೊದಲು ಒಂದು ಕೆಲಸ ಮಾಡು. ಗಾಡಿ ಬರುವುದಿಲ್ಲ ಎಂಬುದನ್ನು ಅವ್ವನಿಗೆ ಓದಿಯೇ ಇರುತ್ತೀ. ಅತ್ತೆಯಾಗುವವಳ ಮರ್ಯಾದೆ ಹೋದೀತೆಂದು ನನ್ನ ಮಾತು ಬಂದಲ್ಲಿ ಬಿಟ್ಟು ಓದಿರಬಹುದು. ಬಿಟ್ಟಿದ್ದರೆ ಹಿಂದಿನ ಹಾಳೆಗೆ ಹೋಗು. ತುಪ್ಪ ಬಡಿಸಿದಲ್ಲಿಂದ ಮತ್ತೆ ಓದು. ಅವ್ವ ಅತ್ತರೂ ನಿಲ್ಲಿಸಬೇಡ.