ಬೂಟಿನ ಅಟ್ಟೆ ಹೇಳಿದ್ದು

ತಮ್ಮಾ, ನಿನಗೂ ಮನೆಯವರಿಗೂ ಅಣ್ಣನ ಆಶೀರ್ವಾದ.

ನಿನ್ನ ತಂಡದ ಬೂಟುಗಳನ್ನೆಲ್ಲ ಹೊಲಿದು ಈ ಪತ್ರದ ಜೊತೆಗೇ ಕಳಿಸಿದ್ದೇನೆ. ಹೊಲಿಗೆಯಲ್ಲಿ ಮೋಸವಿಲ್ಲ, ನನ್ನ ಸಿಟ್ಟೇ ಬೇರೆ, ಕಸುಬೇ ಬೇರೆ. ಆದರೆ ನೀನು ಮ್ಯಾನೇಜರ್ ಆದಮೇಲೆ ಏಳು ಪಂದ್ಯ ಸೋತವರ ಬೂಟು ಇಷ್ಟು ಹೊಸದಾಗಿರಬಾರದು ಕಣಯ್ಯಾ. ನಿನ್ನ ನಾಯಕ ಸವೆಸಿರುವುದು ಹಿಮ್ಮಡಿ ಮಾತ್ರ, ನಿಂತು ನಿಂತು. ಹೊಸ ಗೋಲ್‌ಕೀಪರನ ಬೂಟಿನ ಮೂತಿಗೆ ಮಣ್ಣೇ ತಾಕಿಲ್ಲ.

ಅವನಿಗೋಸ್ಕರ ನೀನು ನನ್ನ ಮಗನನ್ನು ತಂಡದಿಂದ ತೆಗೆದೆ. ತೆಗೆದದ್ದಕ್ಕೆ ನನಗೆ ಬೇಸರವಿಲ್ಲ. ಎಲ್ಲರ ಮುಂದೆ, "ಚೆಂಡು ಹಿಡಿಯೋದು ನಿನ್ನ ಕೈಲಾಗಲ್ಲ, ಹೋಗಿ ನಿಮ್ಮಪ್ಪನ ಜೊತೆ ಬೂಟು ಹೊಲಿಯೋ" ಅಂದೆಯಲ್ಲ, ಅದನ್ನು ಮರೆತಿಲ್ಲ.

ಭಾನುವಾರ ನನ್ನ ಮಗ ನಿನ್ನ ಎದುರಾಳಿಗಳ ಗೋಲಿನಲ್ಲಿ ನಿಲ್ಲುತ್ತಾನೆ. ಸೋತರೆ ನಿನ್ನ ತಂಡ ಕೆಳಗಿನ ದರ್ಜೆಗೆ, ನೀನು ಮನೆಗೆ. ಪೆನಾಲ್ಟಿ ಸಿಕ್ಕಿತೆಂದು ಹಿಗ್ಗಬೇಡ. ನಿಮ್ಮ ಪೆನಾಲ್ಟಿ ಹೊಡೆಯುವವನ ಬಲಗಾಲ ಬೂಟು ಒಳಅಂಚಿನಲ್ಲಷ್ಟೇ ಸವೆದಿದೆ. ಅವನ ಚೆಂಡು ಯಾವಾಗಲೂ ಒಂದೇ ಮೂಲೆಗೆ ಬರುತ್ತದೆ. ಯಾವ ಮೂಲೆ ಎಂದು ಮಗನಿಗೆ ಹೇಳಿಟ್ಟಿದ್ದೇನೆ. ನಿನ್ನಿಂದ ಮುಚ್ಚಿಡುವುದೇನಿದೆ? ಹತ್ತು ವರ್ಷದ ಕಾಲಿನ ರೂಢಿ ಎರಡು ದಿನದಲ್ಲಿ ಬದಲಾಗುವುದಿಲ್ಲ.

ಒಂದು ಉಪಕಾರ ಮಾಡು. ನಿನ್ನ ಪಕ್ಕದ ಕುರ್ಚಿ ನನಗೆ ಇಡು. ಮೈದಾನದಲ್ಲಿ ಗಾಳಿ ಜಾಸ್ತಿ, ಸ್ವೆಟರ್ ಹಾಕಿಕೊಂಡು ಬಾ. ಆದರೆ ಕಿವಿ ಮುಚ್ಚುವ ಟೋಪಿ ಬೇಡ. ನನ್ನ ಮಗ ಚೆಂಡು ಹಿಡಿದಾಗ ಜನ ಕೂಗುವುದು ನಿನಗೆ ಚೆನ್ನಾಗಿ ಕೇಳಬೇಕು.

ಇಂತಿ,
ಬೂಟು ಹೊಲಿಯುವ ನಿನ್ನ ಅಣ್ಣ