ಉಟ್ಟ ಸೀರೆ

೧೪ ನವೆಂಬರ್ ೨೦೦೭, ಬುಧವಾರ. ತೆಂಗಳಿ.

ಆಕಳು ಇವತ್ತು ಹಾಲಿಳಿಸಲೇ ಇಲ್ಲ.

ಮಧ್ಯಾಹ್ನ ಹಾಲಿನ ಸಂಘದಲ್ಲಿ ಪಶುವೈದ್ಯರು ನ್ಯೂಜಿಲೆಂಡಿನದೊಂದು ಸಿ.ಡಿ. ಹಾಕಿದ್ದರು. ಹುಲ್ಲುಗಾವಲಿನಲ್ಲಿ ಮೇಯುತ್ತಿದ್ದ ಆಕಳೊಂದು ತನಗೆ ಬೇಕೆನಿಸಿದಾಗ ನಡೆದು ಬಂದು ಯಂತ್ರದ ಪಕ್ಕ ನಿಲ್ಲುತ್ತದೆ. ಯಂತ್ರವೇ ಕೆಚ್ಚಲು ತೊಳೆದು ಹಾಲು ಹಿಂಡುತ್ತದೆ. ಯಾರೂ ಕೂಗುವುದಿಲ್ಲ, ಯಾರೂ ಅಟ್ಟುವುದಿಲ್ಲ.

ಪಕ್ಕದ ಮನೆಯ ಭಗವಂತ ಸುಮ್ಮನಿರದೆ ನನ್ನ ಕಡೆ ತಿರುಗಿದ. "ಸರ್, ನಿಮ್ಮ ಆಕಳ ಅಕ್ಕೋರ ಸೀರಿ ಕಾಣಲಿಲ್ಲಂದ್ರ ಒದೀತದ. ಈ ಮಷೀನಿಗಿ ಯಾರ ಸೀರಿ ಉಡಸ್ತೀರಿ?" ಎಲ್ಲರೂ ನಕ್ಕರು. ನಾನೂ ನಕ್ಕೆ.

ಪದ್ಮಜಾ ನನ್ನ ಮೇಲೆ ಮುನಿಸಿಕೊಂಡು ಸೇಡಂಗೆ, ತಮ್ಮನ ಮನೆಗೆ ಹೋದಾಗಿನಿಂದ ಅವಳು ಬಿಟ್ಟುಹೋದ ಹಸಿರು ಸೀರೆ ಸುತ್ತಿಕೊಂಡೇ ಹಾಲು ಹಿಂಡುತ್ತಿದ್ದೇನೆ. ಆಕಳು ಸೆರಗು ಮೂಸಿ, ಅವಳೇ ಎಂದುಕೊಂಡು ಹಾಲಿಳಿಸುತ್ತಿತ್ತು. ಇವತ್ತು ಸಂಜೆ ಮೂಸಿ ಮುಖ ತಿರುಗಿಸಿತು. ಆಮೇಲೆ ನಾನೂ ಮೂಸಿದೆ. ನನ್ನದೇ ಬೆವರಿನ ವಾಸನೆ.

ಸಿ.ಡಿ.ಯ ಆ ಆಕಳು ತಾನಾಗಿ ನಡೆದು ಬರುವ ರೀತಿ ಕಣ್ಣಿಂದ ಹೋಗುತ್ತಿಲ್ಲ. ಇಷ್ಟು ದಿನ ನಾನೂ ಆ ಯಂತ್ರದ ಹಾಗೆ, ಕೂಗದೆ, ನಿಂತಲ್ಲೇ ನಿಂತಿದ್ದೆ.

ನಾಳೆ ಮೊದಲ ಬಸ್ಸಿಗೆ ಸೇಡಂ. ಆಕಳಿಗೆ ನೀನು ಉಟ್ಟ ಸೀರೆ ಇನ್ನೊಂದು ಬೇಕಿತ್ತು ಎನ್ನುತ್ತೇನೆ. ಅವಳು ಒಳಗೆ ಹೋಗಿ, ಸೀರೆಯನ್ನಷ್ಟೇ ತಂದು, ಕೈಗೆ ಕೊಟ್ಟೇಬಿಟ್ಟರೆ…